ಕೆದಾರ್: ಹತ್ತಾರು ಅರ್ಥಗಳ ಸ್ಪ್ಯಾನಿಷ್ ಕ್ರಿಯಾಪದವನ್ನು ಕನ್ನಡದ ದಾರಿಯಲ್ಲಿ ಕಲಿಯುವುದು

ಸ್ಪ್ಯಾನಿಷ್ ಕಲಿಯತೊಡಗಿದವರು ಬೇಗನೆ ಎಡವುವ ಕ್ರಿಯಾಪದಗಳಲ್ಲಿ 'ಕೆದಾರ್' ಒಂದು. ನಿಘಂಟು ತೆರೆದರೆ ಉಳಿ, ತಂಗು, ಇರು, ಆಗು, ಒಪ್ಪು, ಸಿಗು, ನಿಶ್ಚಯಿಸು ಎಂದು ಅರ್ಥಗಳ ಸಾಲೇ ಇರುತ್ತದೆ. ಈ ಪಟ್ಟಿಯನ್ನು ಬಾಯಿಪಾಠ ಮಾಡಿದವರೂ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಸ್ನೇಹಿತರ ಮೆಸೇಜಿನಲ್ಲಿ ಈ ಪದ ಎದುರಾದಾಗ ಯಾವ ಅರ್ಥ ಹಿಡಿಯಬೇಕೆಂದು ತಿಳಿಯದೆ ನಿಲ್ಲುತ್ತಾರೆ. ತೊಂದರೆ ಇರುವುದು ಕಲಿಯುವ ಕ್ರಮದಲ್ಲಿ. ಕೆದಾರ್‌ನ ಅರ್ಥವನ್ನು ತೀರ್ಮಾನಿಸುವುದು ಅದರ ಅಕ್ಕಪಕ್ಕದ ಪುಟ್ಟ ಪದಗಳು. ಅದಕ್ಕೆ ಮೊದಲು 'ನನಗೆ, ನಿನಗೆ' ಇದೆಯೇ, 'ಸೆ' ಸೇರಿದೆಯೇ, ಅದರ ನಂತರ 'ಎನ್' (ಅಲ್ಲಿ) ಬಂದಿದೆಯೇ 'ಕೊನ್' (ಜೊತೆ) ಬಂದಿದೆಯೇ ಎಂಬುದನ್ನು ನೋಡಿದರೆ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ.

ಇಲ್ಲಿ ಕನ್ನಡಿಗರಿಗೆ ಒಂದು ನಿಜವಾದ ಅನುಕೂಲವಿದೆ. ನಮ್ಮಲ್ಲಿ ಬಹುಪಾಲು ಜನ ಸ್ಪ್ಯಾನಿಷನ್ನು ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ಆ್ಯಪ್ ಮೂಲಕ ಕಲಿಯುತ್ತೇವೆ. ಕೆದಾರ್ ವಿಷಯದಲ್ಲಿ ಅದು ಸುತ್ತುದಾರಿ. ಈ ಪದದ ವಾಕ್ಯಗಳು ಕನ್ನಡದ ವಾಕ್ಯಗಳಿಗೆ ಬಹಳ ಹತ್ತಿರ, ಇಂಗ್ಲಿಷಿಗೆ ಬಹಳ ದೂರ. ಆದ್ದರಿಂದ ಈ ಮಾರ್ಗದರ್ಶಿಯ ಪ್ರತಿ ಹಂತದಲ್ಲೂ ಕನ್ನಡದಿಂದಲೇ ಹೊರಟಿದ್ದೇನೆ.

ಮೊದಲ ಹಂತ: ಬಾಯಿಗೆ ಸರಿಯಾಗಿ ಕೂರಿಸಿಕೊಳ್ಳಿ

ಸ್ಪ್ಯಾನಿಷಿನಲ್ಲಿ ಈ ಪದದ ಕಾಗುಣಿತ ಕ್ಯೂ, ಯು, ಇ, ಡಿ, ಎ, ಆರ್. ಇದರಲ್ಲಿ 'ಯು' ಅಕ್ಷರಕ್ಕೆ ಉಚ್ಚಾರವಿಲ್ಲ. 'ಕ್ವೆ' ಎನ್ನಬಾರದು, ಬರೀ 'ಕೆ'. 'ಡಿ' ನಮ್ಮ 'ಡ' ಅಲ್ಲ, 'ದ'. ಎರಡು ಸ್ವರಗಳ ನಡುವೆ ಬರುವುದರಿಂದ ಅದು ಇನ್ನೂ ಮೆತ್ತಗಾಗುತ್ತದೆ. ನಾಲಿಗೆಯ ತುದಿ ಹಲ್ಲಿಗೆ ಒತ್ತದೆ, ಸವರಿ ಹೋದರೆ ಸಾಕು. ಕೊನೆಯ 'ರ್' ನಮ್ಮ 'ರ್' ಹಾಗೆಯೇ.

ಒತ್ತು ಎಲ್ಲಿ ಬೀಳುತ್ತದೆ ಎಂಬುದಕ್ಕೆ ಹೆಚ್ಚು ಗಮನ ಕೊಡಿ. ಈ ಬರಹದಲ್ಲಿ ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ ಬರೆದಿದ್ದೇನೆ. 'ಕೇದೊ' ಎಂದರೆ ನಾನು ಉಳಿಯುತ್ತೇನೆ, 'ಕೆದೋ' ಎಂದರೆ ಅವನು ಅಥವಾ ಅದು ಉಳಿಯಿತು. ಅಕ್ಷರಗಳು ಅವೇ, ಒತ್ತು ಮಾತ್ರ ಬೇರೆ. ಬರವಣಿಗೆಯಲ್ಲಿ ಎರಡನೆಯದರ ಕೊನೆಯ 'ಒ' ಮೇಲೆ ಒಂದು ಗೀಟು ಇರುತ್ತದೆ. ಆ ಗೀಟು ತಪ್ಪಿದರೆ ಕರ್ತೃವೂ ಕಾಲವೂ ಎರಡೂ ಬದಲಾಗುತ್ತವೆ.

ರೂಪಗಳ ವಿಷಯದಲ್ಲಿ ಹೆದರಿಕೆ ಬೇಡ, ಇದು ನಿಯಮಿತ ಕ್ರಿಯಾಪದ. ನಾನು, ನೀನು, ಅವನು ಅಥವಾ ಅದು, ನಾವು, ಅವರು ಎಂಬ ಕ್ರಮದಲ್ಲಿ, ವರ್ತಮಾನದಲ್ಲಿ ಕೇದೊ, ಕೇದಸ್, ಕೇದ, ಕೆದಾಮೊಸ್, ಕೇದನ್. ಭೂತದಲ್ಲಿ ಕೆದೇ, ಕೆದಾಸ್ತೆ, ಕೆದೋ, ಕೆದಾಮೊಸ್, ಕೆದಾರೊನ್. ಸ್ಪೇನಿನಲ್ಲಿ 'ನೀವುಗಳು' ಎನ್ನಲು ಇನ್ನೊಂದು ರೂಪ ಉಂಟು, ಅದನ್ನು ಆಮೇಲೆ ಕಲಿತರೂ ನಡೆಯುತ್ತದೆ. ನಿಜವಾಗಿ ನಿಮ್ಮ ನಾಲಿಗೆಯ ಮೇಲೆ ಇರಬೇಕಾದವು ಕೇದ, ಕೇದನ್, ಕೆದೋ ಈ ಮೂರು. ದಿನದ ಮಾತಿನಲ್ಲಿ ಕೆದಾರ್ ಹೆಚ್ಚಾಗಿ ಈ ಮೂರು ವೇಷಗಳಲ್ಲೇ ಬರುತ್ತದೆ.

ಸ್ಪೇನಿನ ಬಹುಭಾಗದಲ್ಲಿ ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಹೇಳುವ ಧ್ವನಿಯನ್ನು ಲ್ಯಾಟಿನ್ ಅಮೆರಿಕದಲ್ಲಿ 'ಸ' ಎಂದೇ ಹೇಳುತ್ತಾರೆ. ಇಲ್ಲಿನ ಉದಾಹರಣೆಗಳಲ್ಲಿ ನಾನು ಲ್ಯಾಟಿನ್ ಅಮೆರಿಕದ ಉಚ್ಚಾರವನ್ನು ಹಿಡಿದಿದ್ದೇನೆ.

ಎರಡನೇ ಹಂತ: ಬೇರನ್ನು ಹಿಡಿಯಿರಿ

ಕೆದಾರ್ ಹುಟ್ಟಿದ್ದು ಲ್ಯಾಟಿನ್ನಿನ 'ಕ್ವಿಯೆತಾರೆ' ಎಂಬ ಪದದಿಂದ. ಶಾಂತಗೊಳಿಸು, ವಿಶ್ರಮಿಸು ಎಂದು ಅದರ ಅರ್ಥ. ಓಡಾಟವೆಲ್ಲ ನಿಂತ ಮೇಲೆ ಏನು ಉಳಿಯಿತು, ಎಲ್ಲಿ ನೆಲೆ ನಿಂತಿತು, ಕೊನೆಗೆ ಹೇಗಾಯಿತು, ಮಾತು ಎಲ್ಲಿಗೆ ಬಂದು ನಿಂತಿತು? ಕೆದಾರ್‌ನ ಇಂದಿನ ಅರ್ಥಗಳೆಲ್ಲ ಈ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರವಾಗಿರುತ್ತವೆ. ಹೊಸ ವಾಕ್ಯ ಎದುರಾದಾಗ ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ.

ಮೂರನೇ ಹಂತ: 'ನನಗೆ' ಸೇರಿದ ವಾಕ್ಯಗಳು

ಕೆದಾರ್‌ನ ಜೀವ ಇರುವುದು ಇಲ್ಲಿ, ಹಾಗಾಗಿ ಹೆಚ್ಚು ಹೊತ್ತು ಇಲ್ಲೇ ನಿಲ್ಲೋಣ.

'ಮೆ' ಎಂದರೆ ನನಗೆ, 'ತೆ' ಎಂದರೆ ನಿನಗೆ, 'ಲೆ' ಎಂದರೆ ಅವನಿಗೆ, ಅವಳಿಗೆ ಅಥವಾ ಗೌರವದ ನಿಮಗೆ, 'ನೋಸ್' ಎಂದರೆ ನಮಗೆ, 'ಲೆಸ್' ಎಂದರೆ ಅವರುಗಳಿಗೆ. ನಮ್ಮ ಚತುರ್ಥಿ ವಿಭಕ್ತಿ ಮಾಡುವ ಕೆಲಸವನ್ನೇ ಇವು ಮಾಡುತ್ತವೆ. ಕನ್ನಡದಲ್ಲಿ 'ನನಗೆ ಎರಡು ದಿನ ಉಳಿದಿವೆ' ಎನ್ನುವಾಗ ಕರ್ತೃ ನಾನಲ್ಲ, ದಿನಗಳು. ಸ್ಪ್ಯಾನಿಷಿನಲ್ಲೂ ಅಷ್ಟೇ: 'ಮೆ ಕೇದನ್ ದೋಸ್ ದೀಯಸ್'. ದಿನಗಳು ಎರಡು, ಆದ್ದರಿಂದ ಕೇದನ್. ಒಂದೇ ದಿನವಾದರೆ 'ಮೆ ಕೇದ ಉನ್ ದೀಯ'. ಇಂಗ್ಲಿಷಿನಿಂದ ಹೊರಟವರು 'ನಾನು' ಎಂಬುದನ್ನು ಕರ್ತೃ ಮಾಡಿ 'ಕೇದೊ ದೋಸ್ ದೀಯಸ್' ಎಂದು ಬಿಡುತ್ತಾರೆ. ಅದು ತಪ್ಪು. ಕನ್ನಡದಿಂದ ಹೊರಟವರಿಗೆ ಈ ತಪ್ಪು ಮಾಡುವ ಕಾರಣವೇ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಆಡುಮಾತಿನಲ್ಲಿ ನಾವು 'ಇಪ್ಪತ್ತು ರೂಪಾಯಿ ಉಳಿದಿದೆ' ಎಂದು ಬಹುವಚನಕ್ಕೂ ಏಕವಚನದ ಕ್ರಿಯಾಪದ ಹಚ್ಚುತ್ತೇವೆ. ಸ್ಪ್ಯಾನಿಷ್ ಇದಕ್ಕೆ ಒಪ್ಪುವುದಿಲ್ಲ. 'ಮೆ ಕೇದನ್ ಬೇಯಿಂತೆ ಪೇಸೊಸ್' ಎಂದೇ ಆಗಬೇಕು.

ಈ ಚೌಕಟ್ಟಿನೊಳಗೆ ಮೂರು ಬಗೆಯ ಮಾತುಗಳು ಹುಟ್ಟುತ್ತವೆ.

ಮೊದಲನೆಯದು ಉಳಿಕೆ. 'ನೊ ಮೆ ಕೇದ ತಿಯೇಂಪೊ' ಎಂದರೆ ನನಗೆ ಸಮಯ ಉಳಿದಿಲ್ಲ. ಬೇರೆ ದಾರಿಯೇ ಇಲ್ಲ ಎನ್ನಲು 'ನೊ ಮೆ ಕೇದ ಮಾಸ್ ರೆಮೇದಿಯೊ'. ಮೆಕ್ಸಿಕೊದಲ್ಲಿ ಇದನ್ನೇ 'ನೊ ಮೆ ಕೇದ ದೆ ಓತ್ರ' ಎನ್ನುವುದನ್ನು ಕೇಳುತ್ತೀರಿ.

ಎರಡನೆಯದು ಬಟ್ಟೆಬರೆ. 'ಏಸ್ತ ಕಮೀಸ ಮೆ ಕೇದ ಗ್ರಾಂದೆ' ಎಂದರೆ ಈ ಅಂಗಿ ನನಗೆ ದೊಡ್ಡದಾಗುತ್ತೆ. 'ಲೊಸ್ ಸಪಾತೊಸ್ ಮೆ ಕೇದನ್ ಚೀಕೊಸ್' ಎಂದರೆ ಶೂ ನನಗೆ ಚಿಕ್ಕದಾಗುತ್ತವೆ. ಇಲ್ಲಿ ಚೀಕೊಸ್ ಬದಲು ಸ್ಪೇನಿನಲ್ಲಿ 'ಪೆಕೇಞೊಸ್' ಎನ್ನುವುದೇ ರೂಢಿ. ಅಳತೆ ಸರಿಯಾಗಿದೆಯೋ ಎಂಬುದಷ್ಟೇ ಅಲ್ಲ, ಚೆನ್ನಾಗಿ ಕಾಣುತ್ತದೆಯೋ ಎಂಬುದನ್ನೂ ಕೆದಾರ್ ಹೇಳುತ್ತದೆ. 'ತೆ ಕೇದ ಬಿಯೇನ್' ಎಂದರೆ ನಿನಗೆ ಒಪ್ಪುತ್ತೆ. ಸೀರೆ ಅಂಗಡಿಯಲ್ಲಿ 'ಈ ಬಣ್ಣ ನಿಮಗೆ ಒಪ್ಪುತ್ತೆ' ಎನ್ನುತ್ತಾರಲ್ಲ, ಅದೇ ಮಾತು. ಟ್ರಯಲ್ ರೂಮಿನಿಂದ ಹೊರಬಂದು ಜೊತೆಯವರನ್ನು ಕೇಳಬೇಕಾದದ್ದು 'ಕೋಮೊ ಮೆ ಕೇದ?'

ಮೂರನೆಯದು ನನಗೆ ಬಹಳ ಪ್ರಿಯವಾದದ್ದು: ಯಾರೋ ಮಾಡಿದ ಕೆಲಸ ಹೇಗೆ ಬಂತು ಎನ್ನುವುದು. ಊಟದ ಮೇಜಿನಲ್ಲಿ 'ತೆ ಕೆದೋ ಮುಯ್ ರೀಕೊ' ಎಂದರೆ ಅಡುಗೆ ಮಾಡಿದವರ ಮುಖ ಅರಳುತ್ತದೆ. 'ಸಾರು ಚೆನ್ನಾಗಿ ಬಂದಿದೆ' ಎನ್ನುವ ನಮ್ಮ ಮಾತಿಗೆ ಇದಕ್ಕಿಂತ ಹತ್ತಿರದ ಸ್ಪ್ಯಾನಿಷ್ ಮಾತು ನನಗೆ ಗೊತ್ತಿಲ್ಲ. ರುಚಿಯಾಗಿದೆ ಎಂದಷ್ಟೇ ಹೇಳುವ 'ಎಸ್ತಾ ರೀಕೊ' ಕೂಡ ಸರಿಯೇ. ಆದರೆ ಅದು ಅಡುಗೆಯನ್ನು ಹೊಗಳುತ್ತದೆ, 'ತೆ ಕೆದೋ' ಮಾಡಿದ ಕೈಯನ್ನೂ ಸೇರಿಸಿ ಹೊಗಳುತ್ತದೆ. ಮನೆಯವರನ್ನು ಪರಿಚಯ ಮಾಡಿಕೊಳ್ಳುವಾಗ ಈ ಒಂದು ವಾಕ್ಯ ನಿಮ್ಮ ಬಳಿ ಇರಲಿ. ಸ್ಪೇನಿನಲ್ಲಿ ಆಗಷ್ಟೇ ಮಾಡಿದ ಅಡುಗೆಗೆ 'ತೆ ಆ ಕೆದಾದೊ ಮುಯ್ ರೀಕೊ' ಎಂಬ ರೂಪ ಹೆಚ್ಚು ಸಹಜ.

'ತೆ ಕೆದೋ ಕ್ಲಾರೊ?' ಎಂದು ಮೇಷ್ಟ್ರು ಕೇಳಿದರೆ 'ನಿನಗೆ ಸ್ಪಷ್ಟವಾಯ್ತಾ?' ಎಂದರ್ಥ. ಇದೂ ಇದೇ ಚೌಕಟ್ಟು.

ಕನ್ನಡಕ್ಕಿಂತ ಸ್ಪ್ಯಾನಿಷ್ ಬೇರೆಯಾಗುವ ಒಂದು ಜಾಗವನ್ನೂ ಗುರುತಿಸಿಕೊಳ್ಳಿ. ನಾವು 'ಅಮ್ಮನಿಗೆ ಕೆಂಪು ಒಪ್ಪುತ್ತೆ' ಎಂದು ಒಮ್ಮೆ ಮಾತ್ರ 'ಗೆ' ಹಚ್ಚುತ್ತೇವೆ. ಸ್ಪ್ಯಾನಿಷಿನಲ್ಲಿ ಎರಡು ಸಲ ಹೇಳಬೇಕು: 'ಅ ಮಿ ಮಮಾ ಲೆ ಕೇದ ಬಿಯೇನ್ ಎಲ್ ರೋಹೊ'. 'ಅ ಮಿ ಮಮಾ' ಎಂದರೂ ಅಮ್ಮನಿಗೆ, 'ಲೆ' ಎಂದರೂ ಅವಳಿಗೆ. ಈ 'ಲೆ' ಬಿಟ್ಟರೆ ವಾಕ್ಯ ಕುಂಟುತ್ತದೆ. ಕನ್ನಡಿಗರು ಹೆಚ್ಚಾಗಿ ಬಿಡುವುದು ಇದನ್ನೇ.

ನಾಲ್ಕನೇ ಹಂತ: 'ನನಗೆ' ಇಲ್ಲದ, 'ಸೆ' ಇಲ್ಲದ ಬರಿಯ ಕೆದಾರ್

ಇಲ್ಲಿ ಎರಡು ಬಳಕೆ ಮುಖ್ಯ. ಏನಾದರೂ ಬಾಕಿ ಇದೆ ಎನ್ನುವುದು ಒಂದು. 'ಕೇದನ್ ದಿಯೇಸ್ ಮಿನೂತೊಸ್' ಎಂದರೆ ಇನ್ನು 10 ನಿಮಿಷ ಇದೆ. 'ಕೇದ ಮೂಚೊ ಪೊರ್ ಅಸೇರ್' ಎಂದರೆ ಮಾಡಬೇಕಾದ್ದು ಇನ್ನೂ ಬಹಳ ಇದೆ. 'ಪೊರ್' ಮತ್ತು ಅದರ ನಂತರ ಇನ್ನೊಂದು ಕ್ರಿಯಾಪದ ಕಂಡರೆ ಕೆಲಸ ಬಾಕಿ ಎಂದು ತಿಳಿಯಿರಿ.

ಸ್ಥಳ ಹೇಳುವುದು ಇನ್ನೊಂದು. 'ದೋಂದೆ ಕೇದ ಲ ಎಸ್ತಸಿಯೋನ್?' ಎಂದರೆ ಸ್ಟೇಷನ್ ಎಲ್ಲಿ ಬರುತ್ತೆ? 'ಕೇದ ಲೇಹೊಸ್' ಎಂದರೆ ದೂರ ಆಗುತ್ತೆ, 'ಕೇದ ಸೇರ್ಕ' ಎಂದರೆ ಹತ್ತಿರ. 'ನಿಮ್ಮ ಮನೆ ಎಲ್ಲಿ ಬರುತ್ತೆ?' ಎಂದು ನಾವು ಕೇಳುವಾಗ ಮನೆ ಎಲ್ಲಿಗೂ ಬರುವುದಿಲ್ಲ. ಹಾಗೆಯೇ ಸ್ಪ್ಯಾನಿಷಿನ ಸ್ಟೇಷನ್ ಕೂಡ 'ಉಳಿಯುವುದಿಲ್ಲ'. ಇದು ಕದಲದ ವಸ್ತುಗಳಿಗೆ ಮಾತ್ರ ಸಲ್ಲುವ ಬಳಕೆ: ಊರು, ಕಟ್ಟಡ, ಬೀದಿ, ಅಂಗಡಿ. 'ಬೀಗದ ಕೈ ಎಲ್ಲಿದೆ', 'ತಮ್ಮ ಎಲ್ಲಿದ್ದಾನೆ' ಎಂಬುದಕ್ಕೆ ಎಸ್ತಾರ್ ಎಂಬ ಬೇರೆ ಕ್ರಿಯಾಪದವಿದೆ. ಲ್ಯಾಟಿನ್ ಅಮೆರಿಕದಲ್ಲಿ ದಾರಿ ಕೇಳಲು 'ದೋಂದೆ ಕೇದ' ಎನ್ನುವುದು ತೀರಾ ಸಾಮಾನ್ಯ. ಪ್ರವಾಸಕ್ಕೆ ಹೋಗುವವರು ಬೇರೇನನ್ನು ಕಲಿಯದಿದ್ದರೂ ಇದನ್ನು ಕಲಿತು ಹೋಗಿ.

ಫಲಿತಾಂಶಕ್ಕೂ ಬರಿಯ ಕೆದಾರ್ ಬರುತ್ತದೆ. ಬಾಗಿಲು ತೆರೆದೇ ಉಳಿಯಿತು ಎನ್ನಲು 'ಲ ಪುವೇರ್ತ ಕೆದೋ ಅಬಿಯೇರ್ತ', ಯೋಜನೆ ಏನೂ ಆಗದೆ ಹೋಯಿತು ಎನ್ನಲು 'ಕೆದೋ ಎನ್ ನಾದ'. ಪಂದ್ಯದಲ್ಲಿ ಯಾರು ಎಷ್ಟನೇ ಸ್ಥಾನಕ್ಕೆ ಬಂದರು ಎಂಬುದಕ್ಕೂ ಇದೇ ಪದ.

ಗೋಡೆಯ ಮೇಲಿನ ಫಲಕದಲ್ಲಿ 'ಕೇದ ಪ್ರೊಯ್ಬೀದೊ ಫುಮಾರ್' ಎಂದಿದ್ದರೆ ಧೂಮಪಾನ ನಿಷೇಧಿಸಲಾಗಿದೆ ಎಂದು. ಕಚೇರಿಯ ಪತ್ರದ ಕೊನೆಯಲ್ಲಿ 'ಕೇದೊ ಅ ಲ ಎಸ್ಪೇರ ದೆ ಸು ರೆಸ್ಪುವೇಸ್ತ' ಎಂದಿದ್ದರೆ ನಿಮ್ಮ ಉತ್ತರದ ನಿರೀಕ್ಷೆಯಲ್ಲಿದ್ದೇನೆ ಎಂದು. ಬೆಂಗಳೂರಿನಲ್ಲಿ ಕುಳಿತು ಸ್ಪೇನ್ ಅಥವಾ ಮೆಕ್ಸಿಕೊದ ಗ್ರಾಹಕರಿಗೆ ಇಮೇಲ್ ಬರೆಯುವವರು ಈ ಎರಡನೆಯ ಸಾಲನ್ನು ಹಾಗೆಯೇ ಬಳಸಬಹುದು.

ಐದನೇ ಹಂತ: 'ಸೆ' ಸೇರಿದಾಗ – ಕೊಳ್ಳು ಮತ್ತು ಬಿಡು

ಕೆದಾರ್ಸೆ ಎಂದು 'ಸೆ' ಸೇರಿದಾಗ ಪದ ಬೇರೆ ಬಣ್ಣ ತಾಳುತ್ತದೆ. ಸ್ಪ್ಯಾನಿಷ್ ಕಲಿಯುವ ಯಾರಿಗಾದರೂ ಇದು ಕಷ್ಟ. ಕನ್ನಡಿಗರಿಗೆ ಮಾತ್ರ ಮನೆಯಲ್ಲೇ ಸಲಕರಣೆ ಇದೆ. ಉಳಿ ಎನ್ನುವುದಕ್ಕೂ ಉಳಿದುಕೊ ಎನ್ನುವುದಕ್ಕೂ ಇರುವ ವ್ಯತ್ಯಾಸ ನಮಗೆ ಯಾರೂ ಕಲಿಸಿದ್ದಲ್ಲ. ಅನ್ನ ಉಳಿಯಿತು, ನೆಂಟರು ಉಳಿದುಕೊಂಡರು. ಸ್ಪ್ಯಾನಿಷಿನಲ್ಲಿ ಅನ್ನಕ್ಕೆ ಕೆದಾರ್, ನೆಂಟರಿಗೆ ಕೆದಾರ್ಸೆ. 'ಮೆ ಕೆದೇ ತ್ರೇಸ್ ದೀಯಸ್ ಎನ್ ಲೀಮ' ಎಂದರೆ ಲಿಮಾದಲ್ಲಿ ಮೂರು ದಿನ ಉಳಿದುಕೊಂಡೆ. 2020ರಲ್ಲಿ ಕೋವಿಡ್ ಬಂದಾಗ ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲೆಲ್ಲ ಮೊಳಗಿದ 'ಕೇದತೆ ಎನ್ ಕಾಸ' ಎಂಬ ಘೋಷಣೆ ಇದೇ ಪದದ್ದು: ಮನೆಯಲ್ಲೇ ಇರು. ಅರ್ಜೆಂಟೀನಾದ ಜನ ಇದನ್ನೇ ಒತ್ತು ಬದಲಿಸಿ 'ಕೆದಾತೆ' ಎನ್ನುತ್ತಾರೆ.

ಇಲ್ಲಿನ 'ಮೆ' ಮೂರನೇ ಹಂತದ 'ನನಗೆ' ಅಲ್ಲ, ಕರ್ತೃ 'ನಾನು' ಆದಾಗ 'ಸೆ' ತಾಳುವ ರೂಪ ಎಂಬುದು ನೆನಪಿರಲಿ; ಕರ್ತೃ 'ನೀನು' ಆದರೆ ಅದು 'ತೆ', 'ನಾವು' ಆದರೆ 'ನೋಸ್'. ಗುರುತಿಸುವುದು ಸುಲಭ. 'ಮೆ ಕೇದೊ'ದಲ್ಲಿ ಮೆ ಕೂಡ ನಾನೇ, ಕೇದೊ ಕೂಡ ನಾನೇ. ಎರಡೂ ಒಬ್ಬರೇ ಆದರೆ 'ಕೊಳ್ಳು'. 'ಮೆ ಕೇದ'ದಲ್ಲಿ ಮೆ ನಾನು, ಕೇದ ಬೇರೆ ಯಾವುದೋ ವಸ್ತು. ಬೇರೆ ಬೇರೆ ಆದರೆ 'ನನಗೆ'.

'ಕೊನ್' ಜೊತೆಗೂಡಿದರೆ ಇಟ್ಟುಕೊಳ್ಳು, ತೆಗೆದುಕೊಳ್ಳು ಎಂದಾಗುತ್ತದೆ. ಅಂಗಡಿಯಲ್ಲಿ ನಾಲ್ಕಾರು ನೋಡಿ ಒಂದನ್ನು ಆರಿಸಿದಾಗ 'ಮೆ ಕೇದೊ ಕೊನ್ ಏಸ್ತೆ' – ಇದನ್ನೇ ತಗೊಳ್ತೀನಿ. ಟ್ಯಾಕ್ಸಿಯಿಂದ ಇಳಿಯುವಾಗ 'ಕೇದೆಸೆ ಕೊನ್ ಎಲ್ ಕಾಂಬಿಯೊ' – ಚಿಲ್ಲರೆ ಇಟ್ಕೊಳ್ಳಿ. ಸ್ಪೇನಿನಲ್ಲಿ ಮಾತ್ರ, ಅದೂ ಸಲುಗೆಯಲ್ಲಿ, ಒಬ್ಬ ವ್ಯಕ್ತಿಯ ಜೊತೆ 'ಕೆದಾರ್ಸೆ ಕೊನ್' ಎಂದರೆ ಅವರನ್ನು ಆಟ ಆಡಿಸುವುದು ಎಂದೂ ಅರ್ಥ ಇದೆ. 'ತೆ ಎಸ್ತಾಸ್ ಕೆದಾಂದೊ ಕೊನ್ಮೀಗೊ?' ಎಂದರೆ ತಮಾಷೆ ಮಾಡ್ತಿದ್ದೀಯಾ ಎಂದು.

'ಸೆ' ಎಲ್ಲ ಕಡೆ 'ಕೊಳ್ಳು' ಆಗುವುದಿಲ್ಲ. ಬೇಕೆಂದು ಮಾಡದೆ ಆಗಿಹೋದ ಸ್ಥಿತಿಗಳಿಗೆ ನಮ್ಮ 'ಬಿಡು' ಹತ್ತಿರ. 'ಸೆ ಕೆದೋ ದೊರ್ಮೀದೊ' ಎಂದರೆ ನಿದ್ದೆ ಹೋಗಿಬಿಟ್ಟ. 'ನೋಸ್ ಕೆದಾಮೊಸ್ ಸಿನ್ ಗಸೊಲೀನ' ಎಂದರೆ ನಮ್ಮ ಪೆಟ್ರೋಲ್ ಖಾಲಿಯಾಗಿಬಿಟ್ಟಿತು. 'ಸಿನ್' ಎಂದರೆ ಇಲ್ಲದೆ. ಕೆದಾರ್ಸೆ ನಂತರ ಸಿನ್ ಬಂದರೆ ಏನೋ ಮುಗಿದುಹೋಗಿದೆ. ಪರೀಕ್ಷೆಯಲ್ಲಿ ತಲೆಯೇ ಓಡದೆ ಹೋದಾಗ 'ಮೆ ಕೆದೇ ಎನ್ ಬ್ಲಾಂಕೊ'.

ಗಂಡ ಹೆಂಡತಿಯರಲ್ಲಿ ಒಬ್ಬರನ್ನು ಕಳೆದುಕೊಳ್ಳುವುದು, ಕಣ್ಣು ಅಥವಾ ಕಿವಿ ಹೋಗುವುದು, ಒಂಟಿಯಾಗುವುದು, ಕೂದಲು ಉದುರಿ ಬೋಳಾಗುವುದು, ಇವೆಲ್ಲಕ್ಕೂ ಕೆದಾರ್ಸೆ ಬರುತ್ತದೆ. ಏನನ್ನೋ ಕಳೆದುಕೊಂಡ ಮೇಲೆ ನಿಲ್ಲುವ ಸ್ಥಿತಿ ಇದು. ಗರ್ಭಿಣಿಯಾಗುವುದಕ್ಕೂ ಸ್ಪೇನಿನಲ್ಲಿ ಕೆದಾರ್ಸೆ ಎನ್ನುತ್ತಾರೆ, ಲ್ಯಾಟಿನ್ ಅಮೆರಿಕದಲ್ಲಿ 'ಸೆ' ಬಿಟ್ಟು ಹೇಳುವುದು ಹೆಚ್ಚು. ಗಾಬರಿಯಾಗುವುದು, ಕೆಂಪಾಗುವುದು ಮುಂತಾದ ಕ್ಷಣಿಕ ಬದಲಾವಣೆಗೆ 'ಪೊನೇರ್ಸೆ', ಓದಿ ಡಾಕ್ಟರ್ ಆಗುವುದಕ್ಕೆ 'ಅಸೇರ್ಸೆ'. ನಮ್ಮ ಒಂದೇ 'ಆಗು' ಮಾಡುವ ಕೆಲಸವನ್ನು ಸ್ಪ್ಯಾನಿಷ್ ಹೀಗೆ ಹಂಚಿಕೊಡುತ್ತದೆ. ಕನ್ನಡ ದಾರಿ ತೋರಿಸದ ಜಾಗ ಇದು, ಇಲ್ಲಿ ಉದಾಹರಣೆಗಳನ್ನು ಹೆಚ್ಚು ಓದಿಯೇ ಕಲಿಯಬೇಕು.

ಆರನೇ ಹಂತ: ಭೇಟಿ ಮತ್ತು ಮಾತುಕತೆ – ಇಲ್ಲಿ ದೇಶ ಮುಖ್ಯ

ಸ್ಪೇನಿನಲ್ಲಿ 'ಕೆದಾಮೊಸ್ ಅ ಲಸ್ ಓಚೊ?' ಎಂದರೆ ಎಂಟಕ್ಕೆ ಸಿಗೋಣ್ವಾ? 'ಎ ಕೆದಾದೊ ಕೊನ್ ಆನ' ಎಂದರೆ ಆನಾಳನ್ನು ಸಿಗುತ್ತೇನೆಂದು ಹೇಳಿಕೊಂಡಿದ್ದೇನೆ. ಇಲ್ಲಿ 'ಕೊನ್' ಇದೆ, 'ಸೆ' ಇಲ್ಲ. 'ಸೆ' ಇದ್ದಿದ್ದರೆ ಅರ್ಥವೇ ಬೇರೆಯಾಗುತ್ತಿತ್ತು ಎಂಬುದನ್ನು ಹಿಂದಿನ ಹಂತದಲ್ಲಿ ನೋಡಿದಿರಿ. ಮೆಕ್ಸಿಕೊ, ಕೊಲಂಬಿಯಾ ಕಡೆ ಭೇಟಿಗೆ ಕರೆಯಲು 'ನೋಸ್ ಬೇಮೊಸ್ ಅ ಲಸ್ ಓಚೊ?' ಎನ್ನುವುದು ಹೆಚ್ಚು ಸಹಜ.

ಮಾತು ಒಂದು ತೀರ್ಮಾನಕ್ಕೆ ಬಂದಿತು ಎನ್ನಲು ಸ್ಪೇನಿನವರು 'ಎನ್' ಬಳಸುತ್ತಾರೆ: 'ಕೆದಾಮೊಸ್ ಎನ್ ಬೇರ್ನೊಸ್ ಮಞಾನ', ನಾಳೆ ಸಿಗುವುದೆಂದು ಮಾತಾಯಿತು. ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ 'ಎನ್' ಜಾಗದಲ್ಲಿ 'ದೆ' ಬರುತ್ತದೆ. ಎರಡೂ ಅರ್ಥವಾಗುತ್ತವೆ, ಯಾವ ದೇಶದ ಜನರೊಂದಿಗೆ ಒಡನಾಟವೋ ಅವರದ್ದನ್ನು ಹಿಡಿಯಿರಿ.

'ಕೆದಾದ' ಎಂಬ ನಾಮಪದದ ಬಗ್ಗೆ ಹುಷಾರು. ಸ್ಪೇನಿನಲ್ಲಿ ಅದು ಗೆಳೆಯರ ಕೂಟ. ಮೆಕ್ಸಿಕೊದಲ್ಲಿ ಮದುವೆಯಾಗದೆ 'ಉಳಿದ' ಹೆಂಗಸನ್ನು ಹೀಯಾಳಿಸುವ ಪದ. ಕೇಳಿದಾಗ ಅರ್ಥ ತಿಳಿದಿರಲಿ, ಬಾಯಲ್ಲಿ ಬೇಡ.

ಇನ್ನು 'ಕೆದಾರ್ ಬಿಯೇನ್', 'ಕೆದಾರ್ ಮಾಲ್'. ಬಟ್ಟೆಯ ಮಾತಲ್ಲದಾಗ ಇವು ನಾಲ್ಕು ಜನರ ಮುಂದೆ ಒಳ್ಳೆಯವರೆನಿಸಿಕೊಳ್ಳುವುದು, ಕೆಟ್ಟವರಾಗುವುದು ಎಂಬ ಅರ್ಥ ಕೊಡುತ್ತವೆ. ಮಾವನ ಮನೆಗೆ ಬರಿಗೈಯಲ್ಲಿ ಹೋದರೆ 'ಕೇದಸ್ ಮಾಲ್'.

ಏಳನೇ ಹಂತ: ದಿನದ ಅಭ್ಯಾಸ

ಒಂದು ವಾರ ಕೆದಾರ್ ಒಂದನ್ನೇ ಬೆನ್ನಟ್ಟಿ. ಸ್ಪ್ಯಾನಿಷ್ ಸುದ್ದಿ, ಹಾಡು, ಸರಣಿಗಳಲ್ಲಿ ಈ ಪದ ಬಂದಲ್ಲೆಲ್ಲ ಇಡೀ ವಾಕ್ಯವನ್ನು ಬರೆದುಕೊಳ್ಳಿ, ಪದವನ್ನಷ್ಟೇ ಅಲ್ಲ. ವಾಕ್ಯದ ಪಕ್ಕದಲ್ಲಿ ಇಂಗ್ಲಿಷ್ ಬರೆಯದೆ ನಿಮ್ಮ ಮನೆಮಾತಿನ ಕನ್ನಡ ಬರೆಯಿರಿ. ಧಾರವಾಡದವರಾದರೆ ಧಾರವಾಡದ ಕನ್ನಡ, ಮಂಗಳೂರಿನವರಾದರೆ ಅಲ್ಲಿಯದು. ಪಠ್ಯಪುಸ್ತಕದ ಕನ್ನಡಕ್ಕಿಂತ ಆಡುಗನ್ನಡ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಅನುಮಾನ ಬಂದರೆ ಎಲ್ಲಿ ನೋಡುವುದು? ಮ್ಯಾಡ್ರಿಡ್‌ನಲ್ಲಿ 1713ರಲ್ಲಿ ಸ್ಥಾಪನೆಯಾದ ರೆಯಾಲ್ ಅಕಾದೇಮಿಯ ಎಸ್ಪಞೋಲದ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದೇ ಅಕಾಡೆಮಿಯ ಕೋರ್ಪೆಸ್ ಎಂಬ ಪಠ್ಯಸಂಗ್ರಹ 21ನೇ ಶತಮಾನದ ಬರಹ, ಮಾತುಗಳನ್ನು ಒಟ್ಟುಮಾಡಿಟ್ಟಿದೆ. ಅದರಲ್ಲಿ ಪದ ಹಾಕಿ ದೇಶವನ್ನು ಆರಿಸಿದರೆ ಆ ದೇಶದವರು ಬರೆದ ವಾಕ್ಯಗಳೇ ಎದುರಿಗೆ ಬರುತ್ತವೆ. 'ಕೆದಾರ್ ಎನ್' ಮತ್ತು 'ಕೆದಾರ್ ದೆ' ಎರಡನ್ನೂ ಹುಡುಕಿ ದೇಶಗಳನ್ನು ಹೋಲಿಸಿ ನೋಡುವುದು ಒಳ್ಳೆಯ ಮೊದಲ ಅಭ್ಯಾಸ.

ಈಗ ಈ ಆರನ್ನು ಉತ್ತರ ನೋಡದೆ ಹೇಳಿ ನೋಡಿ: ನನ್ನ ಹತ್ತಿರ ಐದು ಪೆಸೊ ಉಳಿದಿದೆ. ನಿಮ್ಮ ಮನೆ ಎಲ್ಲಿ ಬರುತ್ತೆ? ಈ ಪ್ಯಾಂಟು ಅಣ್ಣನಿಗೆ ದೊಡ್ಡದಾಗುತ್ತೆ. ಮಗು ನಿದ್ದೆ ಹೋಗಿಬಿಡ್ತು. ಇವತ್ತು ಸಂಜೆ ಸಿಗೋಣ್ವಾ (ಸ್ಪೇನಿನಲ್ಲಿ)? ನಮ್ಮನೇಲಿ ಹಾಲು ಖಾಲಿ.

ಉತ್ತರಗಳು: 'ಮೆ ಕೇದನ್ ಸೀಂಕೊ ಪೇಸೊಸ್'. ಕೇದನ್ ಬದಲು ಕೇದ ಎಂದಿದ್ದರೆ ಮೂರನೇ ಹಂತಕ್ಕೆ ಮರಳಿ. 'ದೋಂದೆ ಕೇದ ಸು ಕಾಸ?' 'ಅ ಮಿ ಎರ್ಮಾನೊ ಲೆ ಕೇದ ಗ್ರಾಂದೆ ಏಸ್ತೆ ಪಂತಲೋನ್'. 'ಎಲ್ ನೀಞೊ ಸೆ ಕೆದೋ ದೊರ್ಮೀದೊ'. 'ಕೆದಾಮೊಸ್ ಏಸ್ತ ತಾರ್ದೆ?' ಕೊನೆಯದಕ್ಕೆ ಎರಡು ಉತ್ತರ ಸರಿ. 'ಯಾ ನೊ ಕೇದ ಲೇಚೆ' ಎಂದರೆ ಮಾತು ಹಾಲಿನ ಬಗ್ಗೆ, ಅದು ಇನ್ನಿಲ್ಲ. 'ನೋಸ್ ಕೆದಾಮೊಸ್ ಸಿನ್ ಲೇಚೆ' ಎಂದರೆ ಮಾತು ನಮ್ಮ ಬಗ್ಗೆ, ಹಾಲಿಲ್ಲದೆ ಕೂತಿದ್ದೇವೆ. ಅಂಗಡಿಯವನು ಹೇಳುವುದು ಮೊದಲನೆಯದು. ಕಾಫಿಗೆ ನೆಂಟರು ಬಂದು ಕೂತಿರುವಾಗ ಅಡುಗೆಮನೆಯಿಂದ ಕೇಳಿಬರುವುದು ಎರಡನೆಯದು.